ಕೆಲಸದ ಅವಧಿಯ ವರದಿ

ನಾಲ್ಕು ತಿಂಗಳು ತರಗತಿ, ನಾಲ್ಕು ತಿಂಗಳು ಗಿರಣಿ.
ಕೊರಾಲಿಯ ಹೆಲ್ಮೆಟ್ಟು ಹಸಿರು:
ಕಲಿಯುವ ಹುಡುಗಿ, ಒಂಟಿಯಾಗಿ ಬಿಡಬೇಡಿ ಎಂದರ್ಥ.

ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಮಾರ್ಚ್ ಮುಗಿದರೂ
ನದಿ ಇನ್ನೂ ಕಲ್ಲು.
ಒಳಗೆ ಕಾಗದದ ಯಂತ್ರ, ಬೆಂದ ಮರದ ನಾತ,
ಊಟದ ಡಬ್ಬಿಗೂ ಅದೇ ನಾತ.

ಮೂರನೇ ರೋಲರಿನ ಬೇರಿಂಗಿಗೆ ಸೆನ್ಸರ್ ಅಂಟಿಸಿದಳು.
ಪರದೆಯ ಮೇಲೆ ಹಸಿರು ಗೆರೆ. ಎಲ್ಲ ಸರಿ.
ಮುದುಕ ಓಡಿಲಾನ್ ಪರದೆಯತ್ತ ನೋಡಲೇ ಇಲ್ಲ;
ಸ್ಕ್ರೂಡ್ರೈವರಿನ ಮೊನೆ ಕಬ್ಬಿಣಕ್ಕೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ ಇಟ್ಟು
ಕಣ್ಣು ಮುಚ್ಚಿ ನಿಂತ.
"ಮರಳು ಅಗಿಯುತ್ತಿದೆ," ಅಂದ. "ಗುರುವಾರದ ತನಕ."

ಬುಧವಾರ ರಾತ್ರಿಯೇ ಹೋಯಿತು.
ಒಂದು ದಿನ ತಪ್ಪಿತೆಂದು
ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದ.

ಈಗ ಕಾಲೇಜಿಗೆ ವರದಿ.
ಕಲಿತದ್ದೇನು? ನೂರು ಪದ ಮೀರದಂತೆ.
ಸೆನ್ಸರಿನ ಮಿತಿ ಬರೆದಳು, ಗ್ರಾಫು ಲಗತ್ತಿಸಿದಳು,
ಓಡಿಲಾನನ ಹೆಸರು ಬರೆದು, ಹೊಡೆದುಹಾಕಿ,
ಮತ್ತೆ ಬರೆದಳು.

ಬಾಡಿಗೆ ಕೋಣೆಯಲ್ಲಿ ದೀಪ ಆರಿಸಿ
ಫ್ರಿಜ್ಜಿಗೆ ಸ್ಕ್ರೂಡ್ರೈವರ್ ಆನಿಸಿ ಕಿವಿಗೊಟ್ಟಳು.
ಮೊದಲು ಬರೀ ಗುಂಯ್.
ಆಮೇಲೆ ಅದರೊಳಗೆ ಇನ್ನೊಂದು,
ಸಣ್ಣಗೆ, ತಡೆತಡೆದು;
ಏನೆಂದು ಹೇಳಲು ಬರಲಿಲ್ಲ.
ಕಾಲು ಜೋಮು ಹಿಡಿಯುವ ತನಕ
ಅಲ್ಲೇ ಕೂತಿದ್ದಳು.