ಬೆಲ್ಟು ಬಿಚ್ಚಿದ ಗಿರಣಿ

ಒಂಬತ್ತು ತಿಂಗಳು ಹಡಗಿನ ಹೊಟ್ಟೆಯಲ್ಲಿದ್ದು
ಮಂಡ್ಯದ ಬಸ್‌ ಸ್ಟ್ಯಾಂಡಿನಲ್ಲಿ ಇಳಿದ ತಮ್ಮ ಚೆಲುವ
ನನ್ನ ಜೊತೆ ಮಾತಾಡಿದರೆ
ಗುತ್ತಲು ರಸ್ತೆಯ ಮಂದಿ ಜಗಳವೆಂದು ಇಣುಕುತ್ತಾರೆ.
ನನಗೆ ಇಪ್ಪತ್ತು ವರ್ಷದ ಹಿಟ್ಟಿನ ಗಿರಣಿ,
ಅವನಿಗೆ ಹನ್ನೊಂದು ವರ್ಷದ ಎಂಜಿನ್ ರೂಮು.
ಅರ್ಧರ್ಧ ಕಿವಿಯ ಇಬ್ಬರು
ಕೂಗಾಡಿಯೇ ಕ್ಷೇಮ ಕೇಳಿಕೊಳ್ಳುತ್ತೇವೆ.

ರಾಗಿ ತಂದವರು ಅವನನ್ನೇ ಸುತ್ತುತ್ತಾರೆ.
ಕಟ್ಟೆಯ ನೀರನ್ನು ದಿನಾ ಅಡಿಯಲ್ಲಿ ಎಣಿಸುವ ಊರು.
"ಸಮುದ್ರ ಎಷ್ಟಡಿ ಅದ್ಲಾ ಚೆಲ್ವ?" ಕೇಳಿದ ಕರಿಸಿದ್ದಣ್ಣ.
"ನಾನೆಲ್ಲಿ ಕಂಡೆ ಮಾವ, ನಾನಿರದು ಕೆಳಗೆ.
ವಾರಕ್ಕೊಂದ್ಸಲ ಮ್ಯಾಕ್ಕೆ ಹತ್ತಿದ್ರೆ
ಬಿಸ್ಲಿಗೆ ಕಣ್ಣು ಬುಡಕ್ಕಾಗಕಿಲ್ಲ."
ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಹೋಗುವ ದಿನ ತೂಕದ ಹಲಗೆಯ ಮೇಲೆ ನಿಂತಿದ್ದ, ತಮಾಷೆಗೆ:
ಎಪ್ಪತ್ತೊಂದು ಕಿಲೋ.
ಮೊನ್ನೆ ಬೇಡ ಬೇಡವೆಂದರೂ ನಿಲ್ಲಿಸಿದೆ:
ಐವತ್ತೊಂಬತ್ತು.
ಹನ್ನೆರಡು ಕಿಲೋ ತಮ್ಮ
ಯಾವ ಬಂದರಿನಲ್ಲಿ ಇಳಿದುಹೋದ?

ಕೇಳಿದರೆ ಕಂತುಕಂತಾಗಿ ಹೇಳುತ್ತಾನೆ.
ಆರು ಗಂಟೆ ಕೆಲಸ, ಆರು ಗಂಟೆ ಬಿಡುವು.
ಆ ಬಿಡುವಿನಲ್ಲೇ ಉಣ್ಣು, ಬಟ್ಟೆ ಒಗೆ,
ಅಲಾರಂ ಕೂಗಿದರೆ ಉಣ್ಣುವುದು ಬಿಟ್ಟು ಓಡು.
ಐದು ಜನರ ಕೆಲಸಕ್ಕೆ ಮೂವರು.
ನಲವತ್ತೆಂಟು ಡಿಗ್ರಿ ಕಾವಿನಲ್ಲಿ ಸಿಲಿಂಡರಿನ ತಲೆ ಬಿಚ್ಚುವಾಗ
ಚೈನು ಜಾರಿ, ಬಲದ ತೋಳು ಲಟಕ್ಕೆಂದದ್ದು.
ನೋವಿನೆಣ್ಣೆ ಹಚ್ಚಿಕೊಂಡು ಮತ್ತೆ ಇಳಿದದ್ದು.
"ರೆಸ್ಟು ಬರಿಯಕ್ಕೇ ಒಂದು ಬುಕ್ಕು ಮಡಗವ್ರೆ ಕಣಕ್ಕ.
ಮನಗಿದ್ದು ನಾಕು ಗಂಟೆ, ಬರ್ದಿದ್ದು ಹತ್ತು.
ಸೈನು ಮಾತ್ರ ನಂದೇಯ."

ಈಗ ಹಾಸಿಗೆಯಲ್ಲಿ ನಿದ್ದೆಯಿಲ್ಲ.
ಎರಡು ಗಂಟೆಗೆ ಎದ್ದು ಕತ್ತಲಲ್ಲಿ ಬೂಟು ತಡಕುತ್ತಾನೆ.
ನೆಲ ಅಲುಗುತ್ತಿಲ್ಲವೆಂದು ಅವನಿಗೆ ದಿಗಿಲು:
ಹಡಗಿನಲ್ಲಿ ಸದ್ದು ನಿಂತರೆ
ಏನೋ ಕೆಟ್ಟಿತೆಂದೇ ಲೆಕ್ಕ.
ಹೆಂಡತಿ ಶಿವಲೀಲಾ ದೀಪ ಹಾಕಿ "ಇದು ಮನೆ" ಅನ್ನುತ್ತಾಳೆ.
ದಿನಾ ಅನ್ನುತ್ತಾಳೆ.

ಹಗಲು, ಗಿರಣಿ ಓಡುವಾಗ ಮಾತ್ರ
ಗೋಡೆಗೊಟ್ಟಿದ ಚೀಲಗಳ ಮೇಲೆ ಗೊರಕೆ,
ಹುಬ್ಬು ಮೀಸೆಗೆಲ್ಲ ಹಿಟ್ಟಿನ ನೆರೆ.
ಒಮ್ಮೆ ನಿದ್ದೆಯಿಂದ ಧಡಕ್ಕನೆದ್ದು "ಬೇರಿಂಗ್ ಸವ್ದದೆ" ಅಂದ.
ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ, ಹಿಡಿ ಕಿವಿಗೆ ಇಟ್ಟು ಆಲಿಸಿದ.
ಹೌದು, ಸವೆದಿತ್ತು.
ಎಡಗೈಯಲ್ಲೇ ಬದಲಿಸಿದ. ಬಲಗೈ ಭುಜ ದಾಟುವುದಿಲ್ಲ,
ಗೂಟಕ್ಕೆ ಅಂಗಿ ಸಿಕ್ಕಿಸಲೂ ನನ್ನನ್ನು ಕರೆಯುತ್ತಾನೆ.

ನಿನ್ನೆ ಮುಂಬೈ ಏಜೆಂಟನ ಫೋನು.
ಇವತ್ತು ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದ.
"ಕೈ ಮ್ಯಾಕೆತ್ತು ಅಂದ್ರು, ಎತ್ದೆ."
ಹೇಗೆ ಎತ್ತಿದೆಯೆಂದು ಕೇಳಲಿಲ್ಲ.
ಕೆಳದುಟಿ ಬಾತಿತ್ತು, ಹಲ್ಲಿನ ಗುರುತು.
ಫಿಟ್ ಎಂದು ಮುದ್ರೆ ಬಿದ್ದ ಕಾಗದವನ್ನು
ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದ,
ಎಡಗೈಯಲ್ಲಿ.

ಕಾಳಿಲ್ಲದೆ ಕಲ್ಲು ತಿರುಗಿಸಬಾರದು,
ಕಲ್ಲು ಕಲ್ಲನ್ನೇ ತಿನ್ನುತ್ತದೆ:
ಆ ಫೋಟೋದ ಅಪ್ಪ ಕಲಿಸಿದ ಮೊದಲ ಪಾಠ.
ರಾತ್ರಿ ಹನ್ನೊಂದಕ್ಕೆ ಬೆಲ್ಟು ಬಿಚ್ಚಿ
ಬರೀ ಮೋಟಾರು ಹಾಕಿದೆ.
ನೆಲ ಸಣ್ಣಗೆ ನಡುಗಿತು.
ಚೀಲದ ಮೇಲೆ ಚೆಲುವ ಮಗ್ಗುಲಾದ, ನೋವಿಲ್ಲದ ಕಡೆಗೆ.
ಪಕ್ಕದ ಮನೆಯ ಕಿಟಕಿ ತೆರೆದು ಯಾರೋ ಬೈದರು.
ಇರುವುದು ಅರ್ಧ ಕಿವಿ, ಅದನ್ನೂ ಕೊಡಲಿಲ್ಲ.

ರಾಗಿ, ಗೋಧಿ, ಕಡಲೆ ಬರೆಯುವ ಪುಸ್ತಕದಲ್ಲಿ
ಹೊಸ ಸಾಲು ಹಾಕಿದೆ:
ಚೆಲುವ. ಮಲಗಿದ್ದು ಹನ್ನೊಂದೂ ಇಪ್ಪತ್ತು.
ಎದ್ದದ್ದು ಅನ್ನುವ ಕಡೆ ಜಾಗ ಬಿಟ್ಟು
ಪೆನ್ನಿನ ಮುಚ್ಚಳ ಹಾಕದೆ ಕೂತಿದ್ದೇನೆ.