ನಿಂತ ಗೆರೆ

ಸರ್ಕಾರದ ಅಚ್ಚಿನ ನಂಬರ್ ಪ್ಲೇಟು ಬಂದಮೇಲೆ
ನನ್ನ ಕುಂಚಕ್ಕೆ ಕೆಲಸವಿರಲಿಲ್ಲ.
ಇಪ್ಪತ್ತು ವರ್ಷ ಕೆಎ ಹದಿಮೂರು, ಕೆಎ ಹದಿಮೂರು
ಎಂದು ಬರೆದ ಕೈ.
ಪೆನ್ಷನ್ ಮೊಹಲ್ಲಾದ ಶೆಡ್ಡಿಗೆ ಜಬ್ಬಾರಣ್ಣ ಕರೆದದ್ದು
ಸ್ಕ್ರೂಗಳಿಗೆ ಬಣ್ಣ ಹಚ್ಚಲಿಕ್ಕೆ.
ನಗು ಬಂತು. ಹೋದೆ.

ಇಟ್ಟಿಗೆಗಳ ಮೇಲೆ ಕೂತಿತ್ತು ಎರಡೇ ಗಾಲಿಯ ಮನೆ,
ಕೋಳಿಮೊಟ್ಟೆಯನ್ನು ಉದ್ದಕ್ಕೆ ಎಳೆದಂಥ ತಗಡಿನ ಮೈ,
ಒಳಗೆ ಎರಡು ಮಂಚ, ಒಂದು ಸ್ಟವ್, ಮಡಚುವ ಮೇಜು.
ಸಕಲೇಶಪುರದ ಯಾವುದೋ ಎಸ್ಟೇಟಿನಲ್ಲಿ
ನಲವತ್ತು ವರ್ಷ ಗೊಬ್ಬರದ ಚೀಲ ಕಾದದ್ದು.
ಗುಜರಿ ಬೆಲೆಗೆ ಕೊಂಡು ಎಳೆಸಿ ತಂದವರು
ಆಲೂರಿನ ಫ್ಲೋರಿನ್ ಟೀಚರ್.
"ರಿಟೈರಾದೆ, ಇನ್ನು ತಿರುಗೋದೇ" ಅಂದರಂತೆ.

ಮೊದಲ ಜಗಳ ತಲೆಯದು.
ಈಗ ಸಿಗುವುದೆಲ್ಲ ಪ್ಲಸ್ಸು ತಲೆ;
ಹಳೇ ಗಾಡಿಯ ತಲೆಗೆ ಒಂದೇ ಗೆರೆ,
ಬೈತಲೆ ತೆಗೆದ ಹಾಗೆ.
"ಯಾರ್ ನೋಡ್ತಾರೆ ಬುಡಿ" ಅಂದ ಕೆಲಸದ ಹುಡುಗ ರೋಷನ್.
ಜಬ್ಬಾರಣ್ಣ ಅವನ ಅಂಗಿಯನ್ನೇ ನೋಡಿದರು:
ಐದು ಬಿಳಿ ಗುಂಡಿ, ಒಂದು ಕಪ್ಪು.
ಹುಡುಗ ಎದೆಗೆ ಕೈ ಅಡ್ಡ ಇಟ್ಟುಕೊಂಡ.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಧರಣೇಂದ್ರಯ್ಯನವರ ಕತ್ತಲೆ ಅಂಗಡಿ.
ಡಬ್ಬಿಗಳನ್ನು ಅಲುಗಾಡಿಸಿ ಸದ್ದಿನಲ್ಲೇ ಅಳತೆ ಹೇಳುವ ಮುದುಕ:
"ಕಬ್ಬಿಣದ್ದು ಹಾಕಬೇಡಿ. ಅಲ್ಯೂಮಿನಿಯಮ್ಮಿಗೂ ಅದಕ್ಕೂ
ಮಳೆ ಬಿದ್ದರೆ ಎಣ್ಣೆ ಸೀಗೆಕಾಯಿ.
ಸ್ಟೀಲು ತಗೊಳ್ಳಿ. ಆದರೆ ಒಂದು ಮಾತು,
ತುಕ್ಕು ಹಿಡಿಯದ್ದಕ್ಕೆ ಬಣ್ಣವೂ ಹಿಡಿಯೋದಿಲ್ಲ."
ಮುನ್ನೂರ ಎಂಬತ್ತು ತಲೆಗಳನ್ನು
ಒಂದೊಂದಾಗಿ ಉಪ್ಪುಕಾಗದಕ್ಕೆ ತಿಕ್ಕಿದೆ.
ಬೆರಳ ಗುರುತು ಸವೆದು
ರೇಷನ್ ಅಂಗಡಿಯ ಮಿಷನ್ನು ನನ್ನನ್ನು ಒಪ್ಪಲಿಲ್ಲ.

ಒಳಗಿನ ಮರಕ್ಕೆ ಹಳೆಯ ಕಬ್ಬಿಣದವೇ ಸಾಕು ಎಂದಾಗ
ನಿಲ್ಲಿಸಿ ಬಳಿಯಲು ಏನಾದರೂ ಬೇಕಿತ್ತು.
ಹಾಸನದವಳಲ್ಲವೆ, ಆಲೂಗಡ್ಡೆಗೆ ಚುಚ್ಚಿದೆ.
ಸಾಲಾಗಿ ಎಷ್ಟು ಚಂದ ನಿಂತಿದ್ದವು!
ಬೆಳಿಗ್ಗೆ ನೋಡಿದರೆ ಗಡ್ಡೆಯೆಲ್ಲ ಕಪ್ಪು ರಸ,
ಸ್ಕ್ರೂಗಳ ಕಾಲಿಗೆಲ್ಲ ಕೆಂಪು ತುಕ್ಕು.
"ಪಲ್ಯಕ್ಕೂ ಬರಾಕಿಲ್ಲ, ಗಾಡಿಗೂ ಬರಾಕಿಲ್ಲ"
ಎಂದು ರೋಷನ್ ಗುಂಡಿಯ ಸೇಡು ನನ್ನ ಮೇಲೆ ತೀರಿಸಿಕೊಂಡ.
ಆಮೇಲೆ ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ತಂದೆವು.

ಸರಿ, ಬಣ್ಣ ಯಾವುದು?
ಮೈಮೇಲೆ ಯಾರೋ ಬಳಿದ ನೀಲಿ, ಅದರಡಿ ಬಸ್ಸಿನ ಕೆಂಪು.
ಬಾಗಿಲ ಮೇಲೊಂದು ಹಟಮಾರಿ ಸ್ಕ್ರೂ.
ಸೀಮೆಎಣ್ಣೆ ಕುಡಿಸಿ ಮೂರು ದಿನ ಮಾತಾಡಿಸಿ ಬಿಚ್ಚಿದಾಗ
ಅದರ ತಲೆಯಡಿಯ ತಗಡಿನಲ್ಲಿ,
ಬಟಾಣಿಯಷ್ಟು ದುಂಡಗೆ,
ಬಿಸಿಲೇ ಕಾಣದೆ ಉಳಿದಿತ್ತು:
ಗಿಣ್ಣಿನ ಬಣ್ಣ. ಈದ ಮರುದಿನದ ಗಿಣ್ಣು.
ಟೀಚರ್ ಬಂದರು, ಕನ್ನಡಕ ಎತ್ತಿ ಬಗ್ಗಿ ನೋಡಿದರು.
"ಇದೇ" ಅಂದರು.

ಐದು ಡಬ್ಬಿ ಬೆರೆಸಿ ಆ ಬಟಾಣಿಯನ್ನು ಮುಟ್ಟಿದೆ.
ತೆಳ್ಳಗೆ ಮೂರು ಸಲ. ಗೆರೆ ತುಂಬಿಕೊಳ್ಳಬಾರದು,
ತುಂಬಿದರೆ ಅದು ತಲೆಯಲ್ಲ, ಮೊಳೆ.
ತಿರುಪುಳಿಯ ಬಾಯಿಗೆ ಪಂಚೆಯ ಅಂಚು ಸುತ್ತಿ
ಜಬ್ಬಾರಣ್ಣ ತಿರುಗಿಸುತ್ತಿದ್ದರು, ಕೊನೆಯ ಕಾಲು ಸುತ್ತು
ಉಸಿರು ಹಿಡಿದು,
ಎಲ್ಲ ಗೆರೆಯೂ ನೆಟ್ಟಗೆ ನಿಲ್ಲುವ ಹಾಗೆ.
"ನಾಮದ ಥರಾನಾ? ವಿಭೂತಿ ಥರ ಯಾಕಾಗಬಾರ್ದು?" ರೋಷನ್.
"ಮಲಗಿದ ಗೆರೇಲಿ ನೀರು ನಿಲ್ತದೆ ಕಣೋ.
ನಿಂತಿದ್ದರಲ್ಲಿ ಇಳಿದು ಹೋಗ್ತದೆ.
ಇದರಲ್ಲಿ ದೇವರನ್ನ ಯಾಕೆ ಎಳೀತೀಯ."

ಈಗ ಬ್ಯಾಂಕಿಗೆ ಹೋದರೆ
ಸ್ವಿಚ್ ಬೋರ್ಡಿನ ಸ್ಕ್ರೂ ನೋಡುತ್ತಾ ನಿಲ್ಲುತ್ತೇನೆ,
ನನ್ನ ಟೋಕನ್ ದಾಟಿ ಹೋಗುತ್ತದೆ.

ಡಿಸೆಂಬರಿನಲ್ಲಿ ಮನೆ ವಾಪಸು ಬಂತು,
ಚಿಕ್ಕಮಗಳೂರಿನ ಮೇಲೆ ಹಾದು, ಕೆಮ್ಮಣ್ಣು ಮೆತ್ತಿಕೊಂಡು.
ಟೀಚರ್ ಪರ್ಸಿನಿಂದ ತೆಗೆದು ತೋರಿಸಿದರು
ಚಲಾವಣೆಯಿಲ್ಲದ ಒಂದು ನಾಲ್ಕಾಣೆ.
"ಕೈಮರದ ಹತ್ತಿರ ಬಾಗಿಲು ಗಡಗಡ ಅಂತು.
ಇದರಲ್ಲೇ ತಿರುಗಿಸಿದೆ. ಪ್ಲಸ್ಸಾಗಿದ್ದರೆ ಆಗ್ತಿತ್ತಾ?"
ನಾಣ್ಯದ ಅಂಚಿಗೆ ನನ್ನ ಗಿಣ್ಣು ಅಂಟಿತ್ತು.
ಬಾಗಿಲ ಎರಡನೇ ಸಾಲಿನಲ್ಲಿ
ಒಂದು ಗೆರೆ ಮಾತ್ರ ತುಸು ವಾಲಿಕೊಂಡು.

ರೋಷನ್ ತಿರುಪುಳಿ ತರಲು ಓಡಿದ.
ಜಬ್ಬಾರಣ್ಣ ಆಗಲೇ ಟೀಚರ್ ಮುಂದೆ ಕೈ ಚಾಚಿದ್ದರು:
"ಆ ನಾಲ್ಕಾಣೆ ಕೊಡಿ ಇಲ್ಲಿ."