ಹಿಂದೆ ಹೆಸರಿಲ್ಲದೆ

ಮಂಗಳವಾರ ಸಂಜೆ ಏಳು, ಬ್ಯಾಲಿನಾ ಗ್ರಂಥಾಲಯದ ಮೇಲ್ಮಹಡಿ.
ಮೀನು ಕಾರ್ಖಾನೆಯಿಂದ ನೆಟ್ಟಗೆ ಬಂದ ಟೆಸ್ಫಾಲೆಮ್
ಪಟ್ಟಿ ಸುತ್ತಿದ ಹೆಬ್ಬೆರಳೆತ್ತಿ ಹೇಳಿದ: ಐ ಕಟ್ ಮಿ.

ನೂಲಾ ಗಿಲ್ವರಿ ಬೋರ್ಡಿನ ಮೇಲೊಂದು ಬಾಣ ಬರೆದಳು,
ಹೊರಟಲ್ಲಿಗೇ ಬಾಗಿ ಬರುವ ಬಾಣ.
'ಕೊಯ್ದವನೂ ಕೊಯ್ಸಿಕೊಂಡವನೂ ಒಬ್ಬನೇ ಆದರೆ
ಮೈಸೆಲ್ಫ್ ಅನ್ನು.'
ಅಂದ. ನಾವೂ ಅಂದೆವು, ಗಾಯವಿಲ್ಲದವರು.

ಆಮೇಲೆ ಶುರುವಾಯಿತು ತಾಪತ್ರಯ.
ಬೈ ಮೈಸೆಲ್ಫ್ ಅಂದರೆ ಒಂಟಿಯಾಗಿ;
ಯಾರ ನೆರವೂ ಇಲ್ಲದೆ ಅಂತಲೂ ಹೌದು.
'ಎರಡೂ ಒಂದೇ ತಾನೇ?' ಅಂದಳು ಸೊಲೊಮಿಯಾ,
ಮೂರನೇ ಮಹಡಿಗೆ ಹಾಸಿಗೆ ಹೊತ್ತವಳು.
ಹೆಲ್ಪ್ ಯುವರ್‌ಸೆಲ್ಫ್ ಅಂದರೆ ಬಿಸ್ಕತ್ತು ತಗೋ,
ನಿನ್ನ ಪಾಡು ನೀನು ನೋಡಿಕೋ ಅಂತಲ್ಲ.
ಮೊದಲ ವಾರವೆಲ್ಲ ಟೆಸ್ಫಾಲೆಮ್
ಡಬ್ಬಿ ಮುಟ್ಟದೆ ಕೂತದ್ದು ಅದಕ್ಕೇ.

ಎಂಟೂವರೆಗೆ ಚಹಾ. ಸಕ್ಕರೆ ಮುಚ್ಚಿಡುತ್ತ ನೂಲಾ,
'ಹಿಮ್‌ಸೆಲ್ಫ್ ಇದನ್ನು ಮುಟ್ಟುತ್ತಲೇ ಇರಲಿಲ್ಲ' ಅಂದಳು.
ಅವನು ಪುಸ್ತಕ ತೆರೆದ, ಬಾಣ ಹುಡುಕಿದ.
'ಟೀಚರ್, ಇದು ವಾಕ್ಯದ ಮೊದಲಿಗೇ ಬಂತು.
ಹಿಂದೆ ಹೆಸರೇ ಇಲ್ಲವಲ್ಲ. ಯಾರಿಗೆ ತಿರುಗಬೇಕು?'

'ಪುಸ್ತಕದ್ದಲ್ಲ, ನಮ್ಮ ಮೇಯೋ ಕಡೆಯ ಮಾತು.
ಮನೆ ಯಜಮಾನನಿಗೆ ಹಾಗನ್ನುತ್ತೇವೆ.'
ಮಾರ್ಕರಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
'ಹೆಸರು ಬೇಕಿಲ್ಲ. ಇರುವವನು ಒಬ್ಬನೇ ಅಲ್ಲವೇ.'

ಇರುವವನು.
ಕಾಲ ತಪ್ಪಿತ್ತು. ಯಾರೂ ತಿದ್ದಲಿಲ್ಲ,
ಪ್ರತಿ ವಾರ ತಿದ್ದಿಸಿಕೊಳ್ಳುವ ನಾವು.

ಕಿಟಕಿಯಾಚೆ ಮೋಯ್ ಹೊಳೆಯಲ್ಲಿ ಉಬ್ಬರದ ನೀರು
ಊರೊಳಕ್ಕೆ ಹಿಂದೆ ಹಿಂದೆ ಏರುತ್ತಿತ್ತು.
ಟೆಸ್ಫಾಲೆಮ್ ಡಬ್ಬಿಗೆ ಕೈಹಾಕಿ,
ಆ ಹೆಬ್ಬೆರಳು ತಗಲದ ಹಾಗೆ,
ಒಂದು ಬಿಸ್ಕತ್ತು ತೆಗೆದು
ಅವಳ ಬಸಿಯಲ್ಲಿಟ್ಟ.